ವಾರಿಜಕ್ಕನ ಬೊಬ್ಬೆ ರೆಕಾರ್ಡುಗಳು

ಮುಂಬಯಿಯ ಸಯನ್‌ನಲ್ಲಿ ಇಡ್ಲಿ ಹಿಟ್ಟು ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ಯಾರಾದರೂ ವಾರಿಜಕ್ಕನ ಅಂಗಡಿ ತೋರಿಸಿಯಾರು. ಆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಉದ್ದಿನ ಚೀಲಗಳ ಮೇಲಿನ ಕಪಾಟಿನಲ್ಲಿ ಏನುಂಟೆಂದು ಮಾತ್ರ ಗಿರಾಕಿಗಳಿಗೆ ಗೊತ್ತಿಲ್ಲ. ಕೆಂಪು, ನೀಲಿ, ಹಳದಿಯ ಮೇಲೆ ಕಪ್ಪು ಚಿಮುಕಿಸಿದ್ದು, ಹೀಗೆ ಕಪಾಟಿನ ತುಂಬ ಬಣ್ಣಬಣ್ಣದ ರೆಕಾರ್ಡುಗಳು. ಎಲ್ಲವೂ ಹಾರ್ಡ್‌ಕೋರ್ ಪಂಕ್ ಎಂಬ ಸಂಗೀತದವು. ಸಂಗೀತ ಎಂದಾಕ್ಷಣ ರಾಗ ತಾಳ ಹುಡುಕಿಕೊಂಡು ಹೋಗಬೇಡಿ ಮತ್ತೆ. ನಾಲ್ಕು ಜನ ಸೇರಿ ಗಂಟಲು ಹರಿಯುವಂತೆ ಬೊಬ್ಬೆ ಹೊಡೆಯುವುದು, ಅಷ್ಟೇ.

ಇದಕ್ಕೆಲ್ಲ ಮೂಲ ನವರಾತ್ರಿ. ಮುಂಬಯಿಯ ಹೆಂಗಸರಿಗೆ ನವರಾತ್ರಿಯಲ್ಲಿ ದಿನಕ್ಕೊಂದು ಬಣ್ಣ. ಸೀರೆ, ಬಳೆ, ಬಿಂದಿ ಎಲ್ಲ ಆ ದಿನದ ಬಣ್ಣದ್ದೇ ಆಗಬೇಕು. ವಾರಿಜಕ್ಕ ದೇವಿಯ ಪಟದ ಮುಂದೆಯೂ ಅದೇ ಬಣ್ಣದ ವಸ್ತು ಇಡುವವಳು. ಒಂದು ವರ್ಷ, ಗ್ರೈಂಡರಿನ ಬೆಲ್ಟು ಹುಡುಕಿಕೊಂಡು ಚೋರ್ ಬಜಾರಿಗೆ ಹೋದಾಗ ಗಿಳಿಹಸಿರು ರೆಕಾರ್ಡೊಂದು ಕಣ್ಣಿಗೆ ಬಿತ್ತು. ಇಷ್ಟು ಚಂದದ ಬಣ್ಣದಲ್ಲಿ ದೇವಿಯ ಸ್ತೋತ್ರವಲ್ಲದೆ ಇನ್ನೇನಿದ್ದೀತು? ಹಳೆಯ ಪ್ಲೇಯರಿನೊಂದಿಗೆ ಅದನ್ನೂ ತಂದು, ಅರಸಿನ ಕುಂಕುಮ ಹಚ್ಚಿ, ಕೈಮುಗಿದು, ಸೂಜಿ ಇಟ್ಟಳು.

ಅಯ್ಯೋ ದೇವರೇ! ಗ್ರೈಂಡರಿಗೆ ಕಲ್ಲು ಸಿಕ್ಕಿತೆಂದು ಓಡಿಹೋಗಿ ಸ್ವಿಚ್ಚು ಆರಿಸಿದಳು. ಗ್ರೈಂಡರ್ ನಿಂತಿತು, ಬೊಬ್ಬೆ ನಿಲ್ಲಲಿಲ್ಲ. ಭಾಷೆ ಯಾವುದೆಂದು ತಿಳಿಯಲಿಲ್ಲ. ಸಿಟ್ಟು ಮಾತ್ರ ಚೆನ್ನಾಗಿ ತಿಳಿಯಿತು. “ಪಾಪ, ಇವರಿಗೆ ಯಾರೋ ಎಂತದೋ ಅನ್ಯಾಯ ಮಾಡಿದ್ದಾರೆ” ಎಂದುಕೊಂಡಳು. ತನ್ನ ಎದೆಯಲ್ಲಿ ಎಷ್ಟೋ ವರ್ಷದಿಂದ ಗಂಟು ಕಟ್ಟಿಕೊಂಡಿದ್ದುದು ಸಡಿಲವಾದಂತಾಯಿತು. ಮತ್ತೊಮ್ಮೆ ಹಾಕಿದಳು.

ಆ ಮೇಲೆ ಹುಚ್ಚೇ ಹಿಡಿಯಿತೆನ್ನಿ. ಫೋನಿನಲ್ಲಿ ಹುಡುಕಿ, ಬ್ರೆಜಿಲ್‌ನ, ಫಿನ್‌ಲ್ಯಾಂಡಿನ ಯಾವ್ಯಾವುದೋ ಹುಡುಗರಿಗೆ ತಪ್ಪುತಪ್ಪು ಇಂಗ್ಲಿಷಿನಲ್ಲಿ ಬರೆದು ತರಿಸಿಕೊಂಡಳು. ಹೆಸರುವಾಸಿ ತಂಡಗಳದ್ದು ಮಾತ್ರ ಬೇಡ. “ದೊಡ್ಡವರದ್ದು ಇಟ್ಟುಕೊಳ್ಳಲಿಕ್ಕೆ ಲೋಕವೇ ಉಂಟು ಮಾರಾಯ್ತಿ. ಈ ಬಡಪಾಯಿಗಳದ್ದು ಯಾರು ಇಟ್ಟುಕೊಳ್ಳುವುದು?” ಎನ್ನುತ್ತಿದ್ದಳು.

ಈ ವರ್ಷ ಮಗಳು ನಮಿತಾ ಮಲಾಡ್‌ನ ತನ್ನ ವಸತಿ ಸೊಸೈಟಿಯ ಹಾಲ್‌ನಲ್ಲಿ ಅರಸಿನ ಕುಂಕುಮದ ಕಾರ್ಯಕ್ರಮ ಇಟ್ಟುಕೊಂಡಿದ್ದಳು. “ಅಮ್ಮಾ, ನಿನ್ನ ರೆಕಾರ್ಡ್ಸ್ ಕೊಡು ನಾ. ನವರಾತ್ರಿ ಕೇ ನೌ ಕಲರ್, ಡೆಕೋರೇಷನ್‌ಗೆ ಮಸ್ತ್ ಆಗ್ತದೆ. ಪ್ಲೇಯರ್ ಭೀ” ಎಂದು ಕೇಳಿದಳು. ತನ್ನ ರೆಕಾರ್ಡುಗಳನ್ನು ಒಬ್ಬರು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ವಾರಿಜಕ್ಕನಿಗೆ ಎಷ್ಟು ಖುಷಿಯಾಯಿತೆಂದರೆ, ಒಂಬತ್ತು ಬಣ್ಣದ ಒಂಬತ್ತನ್ನು ಆರಿಸಿ, ಒರೆಸಿ, ನೂಲಿನ ಸೀರೆಯಲ್ಲಿ ಸುತ್ತಿ, ಪ್ಲೇಯರಿನೊಂದಿಗೆ ಕೊಟ್ಟಳು.

ಕಾರ್ಯಕ್ರಮದ ಸಂಜೆ ದಾದರಿನಲ್ಲಿ ಲೋಕಲ್ ರೈಲು ಬದಲಿಸಿ ಮಲಾಡ್ ಮುಟ್ಟಿದಳು. ಹಾಲ್‌ಗೆ ಕಾಲಿಟ್ಟರೆ, ರಂಗೋಲಿಯ ಸುತ್ತ ಒಂಬತ್ತು ರೆಕಾರ್ಡು, ಒಂದೊಂದರ ಮೇಲೂ ಉರಿಯುವ ಹಿತ್ತಾಳೆಯ ದೀಪ. ನೇರಳೆಯದ್ದು ಬಿಸಿಗೆ ಹಪ್ಪಳದಂತೆ ಸೊಟ್ಟಗಾಗಿತ್ತು. ಅದನ್ನೆತ್ತಲು ವಾರಿಜಕ್ಕ ಬಗ್ಗಿದಳು.

ಅಷ್ಟರಲ್ಲಿ ಸೊಸೈಟಿಯ ಸೆಕ್ರೆಟರಿ ಶುಭಾಂಗಿ ಬಂದು ಕೈಹಿಡಿದುಕೊಂಡಳು. “ಆಂಟೀ, ನಮಿತಾ ನೇ ಬತಾಯಾ. ಆಪ್ಕೇ ಪತಿ ಕೇ ಭಜನ್ ಕೇ ರೆಕಾರ್ಡ್! ಕಿತ್ನೇ ಪ್ಯಾರ್ ಸೇ ಸಂಭಾಲಾ ಹೈ!”

ಗಂಡನ ಭಜನೆಯ ರೆಕಾರ್ಡಂತೆ, ಅವಳು ಪ್ರೀತಿಯಿಂದ ಕಾಪಾಡಿದ್ದಂತೆ! ಬದುಕಿದ್ದಷ್ಟು ಕಾಲ ಇದು ತಲೆಕೆಟ್ಟವರ ಕೆಲಸವೆಂದು ಬೈದು, ಪಾರ್ಸೆಲ್ಲನ್ನು ಬಾಗಿಲಿನಿಂದಲೇ ವಾಪಸು ಕಳಿಸಿದ ಪುಣ್ಯಾತ್ಮ ಅವನು. ಸತ್ತವನಿಗೆ ಸದ್ಗತಿಯಾಗಲಿ, ಬೇಡ ಅನ್ನುವುದಿಲ್ಲ. ಆದರೆ ಅವಳು ಒಂದೊಂದಾಗಿ ಕೂಡಿಸಿದ್ದು ಅವನ ಹೆಸರಿಗೆ ಹೋಗಬೇಕೆ? ದೀಪ ಇಟ್ಟದ್ದು ತಿಳಿಯದೆ ಆದ ತಪ್ಪು, ಹೊಟ್ಟೆಗೆ ಹಾಕಿಕೊಳ್ಳಬಹುದು. ಇದನ್ನು ಹೇಗೆ ಹಾಕಿಕೊಳ್ಳುವುದು?

ನಮಿತಾ ಓಡಿಬಂದು ಪಕ್ಕಕ್ಕೆ ಎಳೆದಳು. “ಅಮ್ಮಾ, ಪ್ಲೀಸ್. ನನ್ನ ಅಮ್ಮ ಇದೆಲ್ಲ ಕೇಳ್ತಾಳೆ ಅಂತ ಹೇಗೆ ಹೇಳ್ಲಿ? ಲೋಗ್ ಹಸೇಂಗೇ.”

“ನಗಲಿ. ಹಲ್ಲು ಅವರದ್ದು” ಎಂದಳು ವಾರಿಜಕ್ಕ.

ಉರಿಯುವ ದೀಪವನ್ನು ಊದಿ ಆರಿಸುವವಳಲ್ಲ ಅವಳು. ಬೆರಳು ಸುಟ್ಟರೂ ಒಂದೊಂದನ್ನೇ ಎತ್ತಿ ನೆಲಕ್ಕಿಟ್ಟಳು. ಕಿತ್ತಳೆ ಬಣ್ಣದ ರೆಕಾರ್ಡು ನೆಟ್ಟಗಿತ್ತು. ಅದನ್ನು ಸೆರಗಿನಿಂದ ಒರೆಸಿ ಪ್ಲೇಯರಿಗೆ ಹಾಕಿ, ಸದ್ದನ್ನು ಪೂರ್ತಿ ತಿರುಗಿಸಿದಳು.

ಹಾಲ್ ಅದುರಿತು. ಕುಂಕುಮದ ಬಟ್ಟಲು ಹಿಡಿದವಳು ಅಲ್ಲೇ ಕಲ್ಲಾದಳು, ಇಬ್ಬರು ಕಿವಿ ಮುಚ್ಚಿಕೊಂಡರು. “ಯೇ ಭಜನ್ ಹೈ?” ಎಂದು ಶುಭಾಂಗಿ ಬಾಯಿ ಬಿಟ್ಟಳು. ನಮಿತಾ ಸದ್ದು ತಗ್ಗಿಸಲು ಕೈಚಾಚಿದಾಗ ವಾರಿಜಕ್ಕ ಆ ಕೈಯನ್ನು ಗಟ್ಟಿಯಾಗಿ ಹಿಡಿದಳು.

“ಯಾರದ್ದು ಅಂತ ಇವರಿಗೆ ಹೇಳು. ಹೇಳಿದರೆ ನಾನೇ ನಿಲ್ಲಿಸ್ತೇನೆ.”

ನಮಿತಾಳ ಮುಖ ಕೆಂಪಾಯಿತು, ಕಣ್ಣಲ್ಲಿ ನೀರು. “ಮಮ್ಮಿ ಕೇ ಹೈಂ” ಎಂದು, ಅಮ್ಮನದ್ದೆಂದು, ಬಾಯೊಳಗೇ ಹೇಳಿದಳು.

“ನನಗೇ ಕೇಳಲಿಲ್ಲ.”

“ಮೇರೀ ಮಾ ಕೇ ಹೈಂ!” ನಮಿತಾ ಕಿರುಚಿದಳು. “ಸಬ್ ಮೇರೀ ಮಾ ಕೇ ಹೈಂ!”

ಅಷ್ಟರಲ್ಲಿ ಹಾಡು ಮುಗಿದೇ ಹೋಗಿತ್ತು. ಹಾಲ್‌ನ ತುಂಬ ಕೇಳಿದ್ದು ಮಗಳ ಬೊಬ್ಬೆಯೊಂದೇ. ವಾರಿಜಕ್ಕ ಅವಳ ಕೈ ಬಿಟ್ಟಳು. ಕೊಟ್ಟ ಮಾತಿನಂತೆ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ರೆಕಾರ್ಡನ್ನು ಮಗುಚಿ ಇನ್ನೊಂದು ಬದಿ ಹಾಕಿದಳು.