ಮೆಣಸಿನಕಾಯಿ ಗೋದಾಮಿನ ಕಬಡ್ಡಿ

ಪಕ್ಕದ ಮನೆಯ ಒಗ್ಗರಣೆಗೆ ಯಾರಾದರೂ ಕೆಮ್ಮಿದರೆ ಇವತ್ತಿಗೂ ಕೈಯಲ್ಲಿದ್ದ ಕೆಲಸ ಬಿಟ್ಟು ನಿಲ್ಲುತ್ತೇನೆ. ಇನ್ನೊಂದು ಕೆಮ್ಮು ಕೇಳಿಸುವವರೆಗೆ ಅಲುಗಾಡಲು ಆಗುವುದಿಲ್ಲ.

ಡಿಗ್ರಿ ಮುಗಿಸಿದ ಮೇಲೆ ಗೆಳೆಯನೂ ನಾನೂ ರಾಣೆಬೆನ್ನೂರಿನ ಇಂಟರ್‌ನೆಟ್ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿದ್ದುಕೊಂಡು ವೆಬ್‌ಸೈಟ್ ನಡೆಸುತ್ತಿದ್ದೆವು. ನಮ್ಮ ಸೀಮೆಯ ಕಬಡ್ಡಿ, ಕುಸ್ತಿಯ ಸುದ್ದಿ. ಕುಪ್ಪೇಲೂರಿನಲ್ಲಿ ಆಟವಾದರೆ ಅವನು ಬಸ್ ಹಿಡಿದು ಫೋಟೋ ತರುತ್ತಿದ್ದ, ನಾನು ಬರೆದು ಹಾಕುತ್ತಿದ್ದೆ. ಪುಣೆ, ದುಬೈಗಳಲ್ಲಿದ್ದ ನಮ್ಮ ಕಡೆಯವರು ನೋಡುತ್ತಿದ್ದರು. ಖರ್ಚೆಲ್ಲ ಗೆಳೆಯನ ಸೋದರಮಾವನದು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ.

ನೋಡುವವರು ಹೆಚ್ಚಿದಂತೆ ಬೆಂಗಳೂರಿನ ಕಂಪನಿಯೊಂದು ಹಣ ಹಾಕುವ ಮಾತೆತ್ತಿತು. ಆದರೆ ಫೋಟೋಗಳಲ್ಲಿ ಪ್ರೇಕ್ಷಕರೇ ಕಾಣುವುದಿಲ್ಲವಲ್ಲ ಎಂದರು.

"ಮಂದಿ ಬೇಕಲ್ಲ? ನನ್ನ ಗೋದಾಮಿನ್ಯಾಗ ಆಡಸ್ರಿ," ಎಂದರು ಮಾವ. "ಚೀಲದ ಮ್ಯಾಲ ಕುಂದ್ರಸಿದ್ರ ಗುಡ್ಡ ಕಂಡಂಗ ಕಾಣ್ತಾರ."

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲದ ಮೇಲೆ ಕೂರುವುದು ಹೊಸದಲ್ಲ. ಹಮಾಲರು ಅದರ ಮೇಲೆಯೇ ಉಂಡು ಮಲಗುತ್ತಾರೆ, ಸಾಹುಕಾರರು ಅದರ ಮೇಲೆಯೇ ಕೂತು ಚಹಾ ಕುಡಿಯುತ್ತಾರೆ. ಯಾರಿಗೂ ಅನುಮಾನ ಬರಲಿಲ್ಲ. ಚೀಲಗಳನ್ನು ಮೆಟ್ಟಿಲಿನಂತೆ ಮಾಡಿನವರೆಗೆ ಒಟ್ಟಿದರು. ಜನ ಚಹಾಕ್ಕೆ ಎದ್ದು ಹೋದರೆ ಫೋಟೋ ಖಾಲಿ ಬರುತ್ತದೆಂದು ಮಾವ ಶಟರ್ ಎಳೆಸಿದರು.

ಗೆಳೆಯ ಕ್ಯಾಮೆರಾ ಹಿಡಿದು ತುತ್ತತುದಿಗೆ ಹತ್ತಿದ್ದ. ಕೆಳಗೆ ಘಾಟಿಗೆ ಸೀನುತ್ತಿದ್ದ ನನಗೆ ಅಲ್ಲಿಂದಲೇ ಕೂಗಿದ: "ಲೇ ಪಂಡಿತಾ, ಸೀನಬ್ಯಾಡೋ, ಗುಡ್ಡ ಅಲಗ್ಯಾಡತೈತಿ!"

ಜನ ನಕ್ಕರು. ಅಷ್ಟರಲ್ಲಿ ಬ್ಯಾಡಗಿಯ ಹುಡುಗರು ಎದುರಾಳಿಯನ್ನು ಹಿಡಿದು ಕೆಡವಿದರು. ಎಲ್ಲರೂ ಎದ್ದು ಕುಣಿದರು. ಕೆಳಗಿನ ಸಾಲಿನ ಚೀಲಗಳು ಜಾರಿ ಗುಡ್ಡವೇ ಕುಸಿಯಿತು.

ಆಮೇಲೆ ಕೆಂಪು ಧೂಳು. ಕಣ್ಣು ತೆರೆಯಲಾಗಲಿಲ್ಲ, ಉಸಿರು ಎಳೆದರೆ ಬೆಂಕಿ. ಶಟರ್ ಎತ್ತಲು ಬಗ್ಗಿದವರ ಮೇಲೇ ಜನ ಬೀಳುತ್ತಿದ್ದರು. ಅಷ್ಟು ಕೆಮ್ಮಿನ ನಡುವೆ ಗೆಳೆಯನ ಕೆಮ್ಮು ಕೇಳಿಸಿತು. ವರ್ಷಗಟ್ಟಲೆ ಒಂದೇ ಕೋಣೆಯಲ್ಲಿ ಮಲಗಿದವರು, ನನಗೆ ಗುರುತು ಸಿಗದೆ ಇರುತ್ತದೆಯೇ? ಚೀಲದ ಅಡಿಯಿಂದ ಬರುತ್ತಿತ್ತು. ಕುರುಡನಂತೆ ತಡಕಾಡುತ್ತ ಒಂದೊಂದೇ ಚೀಲ ಎಳೆದೆ. ಎಳೆಯುತ್ತಿರುವಾಗಲೇ ಅದು ನಿಂತಿತು.

ಮರುದಿನ ಹಾವೇರಿಯ ಆಸ್ಪತ್ರೆಯ ವರಾಂಡದಲ್ಲಿ ಮಾವ ನೆಲದ ಮೇಲೆ ಕೂತಿದ್ದರು. ಧೋತರವಿನ್ನೂ ಕೆಂಪಗಿತ್ತು. ಒಳಗೆ ಗೆಳೆಯ ಎಚ್ಚರವಿಲ್ಲದೆ ಮಲಗಿದ್ದ. ಮೊಬೈಲಿಗೆ ಕರೆ ಬಂತು. ಮಾತಾಡಿ ಮುಗಿಸಿ ನನ್ನ ಮುಖ ನೋಡಿದರು.

"ಬೆಂಗ್ಳೂರಿನಾವ್ರು. ನಿನ್ನಿಯಿಂದ ನಮ್ಮ ಸೈಟು ಭಾಳ ಮಂದಿ ನೋಡಾಕತ್ತಾರಂತ. ರೊಕ್ಕ ಹಾಕ್ತೀವಿ ಅಂತಾರ."

ತಮ್ಮವರು ಬದುಕಿದ್ದಾರೋ ಇಲ್ಲವೋ ಎಂದು ಪುಣೆಯಿಂದ, ದುಬೈಯಿಂದ ತೆರೆದು ನೋಡುತ್ತಿದ್ದರು. ಅಲ್ಲಿ ನಾವು ಏನೂ ಹಾಕಿರಲಿಲ್ಲ.

"ಏನ್ ಹೇಳ್ಲೋ ತಮ್ಮಾ ಅವ್ರಿಗೆ?"

ಒಳಗಿನಿಂದ ಒಂದು ಕೆಮ್ಮು ಕೇಳಿತು. ನಾನು ಓಡಿದೆ.

ಕೆಮ್ಮಿದವರು ಪಕ್ಕದ ಮಂಚದ ಮುದುಕರು. ನರ್ಸು ಗೆಳೆಯನ ಮುಖದ ಮೇಲೆ ಬಟ್ಟೆ ಎಳೆಯುತ್ತಿದ್ದಳು.