ಗುಮ್ಮಟದ ಚಿತ್ರದ ಹಿಂದೆ

ಹಳೇ ಜಾಹೀರಾತು ಕ್ಯಾಲೆಂಡರ್ ಕೂಡಿಸುವ ನನ್ನ ಗೀಳಿಗೆ ಒಂದು ತೊಡಕಿತ್ತು. ನಮ್ಮ ಕಡೆ ಚಿತ್ರ ಚೆಂದ ಕಂಡರೆ ಕೆಳಗಿನ ಅಂಗಡಿ ಹೆಸರನ್ನೂ ತಾರೀಖಿನ ಹಾಳೆಯನ್ನೂ ಕತ್ತರಿಸಿ ಒಗೆದು, ಚಿತ್ರಕ್ಕಷ್ಟೇ ಕಟ್ಟು ಹಾಕಿಸುತ್ತಾರೆ. ನನಗೆ ಬೇಕಾದದ್ದೇ ಆ ಹೆಸರು. ಇಂಡಿ, ಮುದ್ದೇಬಿಹಾಳ ತಿರುಗಿದ್ದಾಯಿತು; ವಿಜಾಪುರ ಶಹರದ ಚಿತ್ರಗಳು ಸಿಕ್ಕವು, ಹೆಸರು ಸಿಗಲಿಲ್ಲ.

ಆಲಮೇಲದ ಒಂದು ಮನೆಯ ಪಡಸಾಲೆಯಲ್ಲಿ ಅದು ಇಡಿಯಾಗಿ ಕಂಡಿತು. ಗೋಳಗುಮ್ಮಟ, ಮುಂದೊಂದು ಟಾಂಗಾ, ಕೆಳಗೆ ಸಿಂದಗಿಯ ಬಟ್ಟೆ ಅಂಗಡಿಯ ಹೆಸರು. ಗಾಜಿನ ಮೇಲೆ ಮಾತ್ರ ವಿಭೂತಿಯ ಪದರು.

ಅದನ್ನು ನನಗೆ ಕೊಡಿ ಅಂದಾಗ ಮನೆಯ ಸೊಸೆ ಹಿಂದೆಮುಂದೆ ನೋಡಿದರು. ಅತ್ತೆ ಬಾಗೇವಾಡಿಗೆ ಹೋಗಿದ್ದಾರೆ, ದಿನಾ ಬೆಳಿಗ್ಗೆ ಅದಕ್ಕೆ ವಿಭೂತಿ ಹಚ್ಚುತ್ತಾರೆ, ಯಾಕೆಂದು ತಾವು ಕೇಳಿಲ್ಲ ಅಂದರು. ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಢಾಲು ಗೆದ್ದವನು, ಬಿಡಲಿಲ್ಲ.

"ಅಕ್ಕಾರ, ಇದೇನ್ ದೇವರಲ್ಲ, ಗೋರಿ. ಅದೂ ಅಂಗಡ್ಯಾವ್ರು ಪುಕ್ಕಟೆ ಕೊಟ್ಟ ಗೋರಿ. ನಾಳಿ ಟಾಂಗಾದ ಕುದುರಿಗೂ ಆರತಿ ಮಾಡ್ತೀರೇನ?"

ಅವರಿಗೆ ನಗು ಬಂತು, ಗುಮ್ಮಟ ಇಳಿಸಿಕೊಟ್ಟರು. ಬದಲಿಗೆ ನಾನು ಒಯ್ದಿದ್ದ ಶಿವನ ಹೊಸ ಪಟ ಗೋಡೆಗೇರಿತು. ಗೆದ್ದೆ ಅಂದುಕೊಂಡು ಸಿಂದಗಿ ಬಸ್ಸು ಹತ್ತಿದೆ.

ಮನೆಯಲ್ಲಿ ಗಾಜನ್ನು ಒದ್ದೆ ಅರಿವೆಯಿಂದ ಒರೆಸಿ, ಕಟ್ಟು ಬಿಚ್ಚಿದೆ. ಚಿತ್ರದ ಬೆನ್ನಿಗೆ ಏನೋ ಅಂಟಿತ್ತು. ರಟ್ಟಿರಬೇಕು ಅಂತ ಎಳೆದೆ. ಚಿತ್ರ ಹರಿಯಬಾರದು ಅನ್ನುವುದೊಂದೇ ಎಚ್ಚರ. ಕೈಗೆ ಬಂದದ್ದು ಫೋಟೋ. ಸ್ಟುಡಿಯೋದ ಕುರ್ಚಿಯ ಮೇಲೆ ಎರಡು ವರ್ಷದ ಹೆಣ್ಣುಕೂಸು, ಕೈಯಲ್ಲಿ ಪ್ಲಾಸ್ಟಿಕ್ ಹೂವು. ಮುಖ ಮಾತ್ರ ಇರಲಿಲ್ಲ. ಅದು ಸುಲಿದು, ಚೂರುಚೂರಾಗಿ ಗುಮ್ಮಟದ ಬೆನ್ನಿಗೇ ಉಳಿದಿತ್ತು.

ನಾಲ್ಕು ದಿನ ಸಬೂಬು ಹುಡುಕಿ, ಐದನೆಯ ದಿನ ಎಲ್ಲವನ್ನೂ ವಾಪಸ್ ಒಯ್ದೆ. ಅತ್ತೆ ಹೊಸ ಪಟದ ಕೆಳಗೇ ಕೂತಿದ್ದರು, ತಲೆಯೆಲ್ಲ ಬೆಳ್ಳಗಾದ ಅಜ್ಜಿ. ತೀರಿಹೋದ ಮಗಳ ಫೋಟೋ ಮನೆಯಲ್ಲಿರಬಾರದು, ಸುಡು ಅಂತ ಅವರ ಮಾವ ಹೇಳಿದ್ದರಂತೆ. ಸುಟ್ಟೆ ಅಂತ ಹೇಳಿ, ಯಾರೂ ಕೈ ಹಚ್ಚದ ಗುಮ್ಮಟದ ಹಿಂದೆ ಸೇರಿಸಿದ್ದರು. ಗಂಡನಿಗೂ ಹೇಳಿರಲಿಲ್ಲ. ಇದ್ದದ್ದು ಅದೊಂದೇ ಫೋಟೋ.

ಕಂಪ್ಯೂಟರಿನಲ್ಲಿ ಮುಖ ಜೋಡಿಸಬಹುದು, ವಿಜಾಪುರದಲ್ಲಿ ಮಾಡುವವರಿದ್ದಾರೆ ಅಂತ ನಾನು ಅಲ್ಲೂ ವಾದ ಹೂಡಿದೆ. ಅವರ ಗಮನ ಅತ್ತ ಇರಲಿಲ್ಲ. ಗಾಜಿನ ಮೇಲೆ ಬೆರಳಾಡಿಸಿ ನೋಡಿದರು.

"ಒರಸೀಯೇನೋ ತಮ್ಮಾ?"

"ಹೌದ್ರಿ, ಆಯಿ."

ಮೊದಲಿನ ಹಾಗೆ ಕಟ್ಟಿಕೊಡು ಅಂದರು. ಮುಖದ ಚೂರುಗಳ ಮೇಲೆ ಮುಖವಿಲ್ಲದ ಫೋಟೋ ಇಟ್ಟು, ಹಿಂದೆ ರಟ್ಟು ಬಡಿದೆ. ಸೊಸೆ ಒಳಗಿನಿಂದ ವಿಭೂತಿ ಗಟ್ಟಿ ತಂದು ಪಕ್ಕದಲ್ಲಿಟ್ಟರು. ನಾನು ಹೊರಡುವವರೆಗೂ ಅಜ್ಜಿ ಅದನ್ನು ಮುಟ್ಟಲಿಲ್ಲ.