ನಗಬಾರದ ಫೋಟೋ

ಹಳೆಯ ಕಂಪನಿಯವರು ನನ್ನ ಹೆಸರಿನಲ್ಲಿ ವಿಮೆ ಮಾಡಿಸಲು ಮರೆತಿದ್ದರು. ಅಷ್ಟಕ್ಕೇ ಸ್ವೀಡನ್ನಿನಲ್ಲಿ ನನ್ನ ವರ್ಕ್ ಪರ್ಮಿಟ್ ಮುಂದುವರಿಸುವ ಅರ್ಜಿ ತಿರಸ್ಕಾರವಾಯಿತು. ಕೋರ್ಟಿಗೆ ಮೇಲ್ಮನವಿ ಹಾಕಿ, ಸೊಲ್ಲೆಂಟುನಾ ಎಂಬ ಊರಿನ ನಮ್ಮ ಮನೆಯಲ್ಲಿ ಕುಕ್ಕರನ್ನೂ ಪ್ಯಾಕ್ ಮಾಡಿಟ್ಟುಕೊಂಡು ಕೂತಿದ್ದೆವು. ಕೊನೆಗೆ ತೀರ್ಪು ನನ್ನ ಪರವಾಗಿ ಬಂತು. ಹೊಸ ಪರ್ಮಿಟ್ ಕಾರ್ಡಿಗೆ ಫೋಟೋ ತೆಗೆಸಲು ಗಂಡನ ಜೊತೆ ವಲಸೆ ಕಚೇರಿಗೆ ಹೋದೆ. ಅವರ ಪರ್ಮಿಟ್ಟೂ ನನ್ನದನ್ನೇ ನೆಚ್ಚಿಕೊಂಡಿತ್ತು.

ಕ್ಯಾಮೆರಾ ಮುಂದೆ ನಿಂತೆ. ಯಂತ್ರ ಫೋಟೋ ಒಪ್ಪದೆ ಕೀಂ ಎಂದಿತು.

"ನಗಬಾರದು," ಎಂದರು ಕೌಂಟರಿನಲ್ಲಿದ್ದ ಹೆಂಗಸು.

"ನಗ್ತಾ ಇಲ್ಲ," ಎಂದೆ, ನಗುತ್ತಲೇ. ಮತ್ತೆ ಕೀಂ.

"ಏನಾದರೂ ಬೇಜಾರಿನ ವಿಷಯ ನೆನಪಿಸಿಕೊಳ್ಳಿ."

ಅರ್ಜಿ ತಿರಸ್ಕಾರವಾದ ದಿನವನ್ನು ನೆನೆದೆ. ಅದೆಲ್ಲ ಮುಗಿಯಿತಲ್ಲ ಎನ್ನಿಸಿ ನಗು ಇನ್ನೂ ಉಕ್ಕಿತು.

"ಸರಿ, ನವೆಂಬರ್ ತಿಂಗಳು ನೆನೆಸಿಕೊಳ್ಳಿ. ಬರೀ ಕತ್ತಲು, ಜಿಟಿಜಿಟಿ ಮಳೆ," ಎಂದರು ಆಕೆ ಗಂಭೀರವಾಗಿ.

"ನವೆಂಬರಿನಲ್ಲೂ ನಾನು ಇಲ್ಲೇ ಇರ್ತೀನಲ್ಲ!" ಎಂದೆ.

ಈ ಸಲ ಆಕೆಯೇ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕುಬಿಟ್ಟರು. ಸಾಲಿನಲ್ಲಿ ಕಾಯುತ್ತಿದ್ದವರೂ ನಕ್ಕರು. ನಾನು ಕಣ್ಣೀರು ಒರೆಸಿಕೊಂಡು, ಕೆನ್ನೆಯನ್ನು ಒಳಗಿನಿಂದ ಕಚ್ಚಿ ಹಿಡಿದು, ಹೇಗೋ ಮುಗಿಸಿದೆ.

ಆಮೇಲೆ ಗಂಡನ ಸರದಿ. ಬೆಳಗ್ಗೆಯಿಂದ ನನಗಿಂತ ಹೆಚ್ಚು ಕುಣಿದಾಡಿದ್ದವರು ಅವರೇ. ಆದರೂ ಯಂತ್ರ ಅವರನ್ನು ಒಂದೇ ಸಲಕ್ಕೆ ಒಪ್ಪಿಕೊಂಡಿತು.

"ನೋಡು, ಮುಖ ಹೀಗಿರ್ಬೇಕು," ಎಂದರು ಹೆಮ್ಮೆಯಿಂದ.

ನಮ್ಮ ಮದುವೆ ಆಲ್ಬಮ್ಮಿನ ತುಂಬ ಇರುವುದೂ ಅದೇ ಮುಖ.